ನೀರು ಕುಡಿಯೋಕೆ ಬಿಟ್ಟ ಕೋಚ್

ಹೋದ ಜುಲೈನ ಒಂದು ಶನಿವಾರ. ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮೈ ಬೆವರುವಂಥ ಬಿಸಿಲು ಬೀಳುವುದೇ ವರ್ಷಕ್ಕೆ ಎರಡು ಮೂರು ತಿಂಗಳು. ಆ ದಿನಗಳಲ್ಲಿ ಸುತ್ತಮುತ್ತಲಿನ ಕನ್ನಡದ ಮನೆಗಳ ಮಕ್ಕಳನ್ನು ಪಾರ್ಕಿನಲ್ಲಿ ಸೇರಿಸಿ ಖೋ ಖೋ ಆಡಿಸುತ್ತೇನೆ. ಎರಡು ಕಂಬದ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕೋನ್, ಕುತ್ತಿಗೆಗೆ ಒಂದು ಸೀಟಿ. ಅವತ್ತು ಆಟ ಚೆನ್ನಾಗಿ ಕಳೆಗಟ್ಟಿತ್ತು. ಒಂಬತ್ತು ವರ್ಷದ ಒಬ್ಬಳು ಹುಡುಗಿ ಓಡಿ ಬಂದು, ಮುಖ ಕೆಂಪಗೆ ಮಾಡಿಕೊಂಡು, "ಅಂಕಲ್, ನೀರು ಕುಡಿದು ಬರ್ಲಾ?" ಅಂದಳು. "ಈಗ ಬೇಡ, ಹೊಟ್ಟೆ ಕುಲುಕುತ್ತೆ. ಈ ರೌಂಡ್ ಮುಗೀಲಿ" ಅಂದೆ. ಅವಳು ಏನೂ ಹೇಳದೆ ತನ್ನ ಜಾಗಕ್ಕೆ ಹೋಗಿ ಕೂತಳು.

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಅಂತ ಗೊತ್ತಾಯಿತು. ನಮ್ಮ ಪಿ.ಟಿ. ಮೇಷ್ಟ್ರದ್ದು. ಮೂವತ್ತು ವರ್ಷದ ಹಿಂದಿನ ಮಾತು ಒಂದಕ್ಷರ ಬದಲಾಗದೆ ನನ್ನ ಬಾಯಲ್ಲಿ ಬಂದಿತ್ತು. ಆಮೇಲೆ ವಾರಗಟ್ಟಲೆ ಅದು ಮನಸ್ಸಿನಿಂದ ಹೋಗಲಿಲ್ಲ.

ನಮ್ಮದು ತಾಲ್ಲೂಕು ಮಟ್ಟದಲ್ಲಿ ಹೆಸರಿದ್ದ ಖೋ ಖೋ ತಂಡ. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಪ್ರಾಕ್ಟೀಸು. ಮಧ್ಯೆ ನೀರು ಕುಡಿಯುವ ಹಾಗಿಲ್ಲ. ಕುಡಿದರೆ ಹೊಟ್ಟೆ ಕುಲುಕುತ್ತದೆ, ಓಡೋಕಾಗಲ್ಲ, ಅಭ್ಯಾಸ ಕೆಡುತ್ತದೆ. ಮೈದಾನದ ಮೂಲೆಯಲ್ಲಿ ಟ್ಯಾಂಕು, ಅದಕ್ಕೊಂದು ನಲ್ಲಿ. ಆ ನಲ್ಲಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ತೊಟ್ಟಿಕ್ಕುವುದು ನಾವು ಕೂತಲ್ಲಿಂದಲೇ ಕಾಣುತ್ತಿತ್ತು. ನಾನು ಕೊನೇ ಪೀರಿಯಡ್ ಮುಗಿದ ಕೂಡಲೇ ಕರ್ಚೀಫು ಪೂರ್ತಿ ನೆನೆಸಿ ಹಿಂಡದೆ ಚಡ್ಡಿ ಜೇಬಿನಲ್ಲಿ ತುರುಕಿಕೊಳ್ಳುತ್ತಿದ್ದೆ. ಮುಖ ಒರೆಸಿಕೊಳ್ಳುವ ಹಾಗೆ ಮಾಡಿ ಅದರ ತುದಿಯನ್ನು ಚೀಪುತ್ತಿದ್ದೆ. ಸೋಪಿನ ವಾಸನೆ, ಬೆವರಿನ ಉಪ್ಪು, ಎರಡು ಹನಿ ನೀರು. ಆ ರುಚಿ ಈಗಲೂ ನಾಲಿಗೆ ಮೇಲಿದೆ.

ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಮ್ಯಾಚಿನ ದಿನ ಸ್ವಂತ ದುಡ್ಡಿನಲ್ಲಿ ಬಾಳೆಹಣ್ಣು, ಬನ್ನು ತರುತ್ತಿದ್ದರು. ಕಾಲು ಉಳುಕಿದ ಹುಡುಗನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸುತ್ತಿದ್ದರು. ಅವರಿಗೆ ಅವರ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು, ಅಷ್ಟೇ. ಹೀಗೆ ಯೋಚನೆ ಮಾಡುತ್ತಾ ಹೋದಾಗ ನೆನಪಾದವರು ಜಾನ್ ಗಲಾರ್ಡಿ. ನನ್ನ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಅರವತ್ತು ವರ್ಷ ಅಮೆರಿಕನ್ ಫುಟ್ಬಾಲ್ ಕಲಿಸಿದವರು. ಅವರ ಕತೆ ಶುರುವಾಗುವುದೂ ನೀರಿನಿಂದಲೇ.

ಹದಿನಾರರ ಕೋಚ್

ಕೊಲರಾಡೊ ರಾಜ್ಯದ ದಕ್ಷಿಣ ತುದಿಯಲ್ಲಿ ಟ್ರಿನಿಡಾಡ್ ಅಂತ ಒಂದು ಊರು. ಕಲ್ಲಿದ್ದಲ ಗಣಿಗಳ ಸೀಮೆ. ಇಟಲಿಯಿಂದ ಬಂದ ಕುಟುಂಬದಲ್ಲಿ ಗಲಾರ್ಡಿ ಹುಟ್ಟಿದ್ದು 1926ರ ನವೆಂಬರ್ 1ರಂದು. 1943ರಲ್ಲಿ ಅವರು ಹೈಸ್ಕೂಲ್ ಫುಟ್ಬಾಲ್ ತಂಡದ ಕ್ಯಾಪ್ಟನ್. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಕೋಚ್‌ಗೆ ಸೈನ್ಯದಿಂದ ಕರೆ ಬಂತು, ಹೋದರು. ಬೇರೆ ಕೋಚ್ ಇಲ್ಲ, ತಂಡವನ್ನೇ ಮುಚ್ಚಿಬಿಡೋಣ ಅಂತ ಶಾಲೆಯವರು ಯೋಚಿಸಿದರು. ಆಗ ಈ ಹುಡುಗ, ನಾನೇ ಕಲಿಸುತ್ತೇನೆ, ತಂಡ ಮುಚ್ಚಬೇಡಿ ಅಂತ ಕೇಳಿಕೊಂಡ. ಶಾಲೆಯವರು ಒಪ್ಪಿದರು. ಹದಿನಾರು ವರ್ಷ ವಯಸ್ಸು!

ಆ ಹುಡುಗ ಮೊದಲು ಏನು ಮಾಡಿದ ಅನ್ನುವುದನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ಹೊಸ ಆಟದ ತಂತ್ರ ತರಲಿಲ್ಲ. ಆಟಗಾರನಾಗಿ ತನಗೆ ಯಾವುದು ಬೇಡವಾಗಿತ್ತೋ ಅದನ್ನೆಲ್ಲ ತೆಗೆದುಹಾಕಿದ. ಆ ಕಾಲದಲ್ಲಿ ಅಲ್ಲೂ ಅದೇ ನಂಬಿಕೆ: ಪ್ರಾಕ್ಟೀಸ್ ಮಧ್ಯೆ ನೀರು ಕುಡಿಯುವುದು ತಪ್ಪು. ಇವನು ನೀರು ಕುಡಿಯೋಕೆ ಬಿಟ್ಟ. ಕುಕ್ಕರುಗಾಲಲ್ಲಿ ಬಾತುಕೋಳಿ ಹಾಗೆ ನಡೆಸುವ ಕವಾಯತು ನಿಲ್ಲಿಸಿದ. ಒಬ್ಬರನ್ನೊಬ್ಬರು ಕೆಡವಿ ಮೈ ಕೈ ನೋಯಿಸಿಕೊಳ್ಳುವುದನ್ನು ಕಡಿಮೆ ಮಾಡಿದ. ಇರುವ ಹೊತ್ತನ್ನೆಲ್ಲ ಆಟ ಕಲಿಯೋಕೆ ಕೊಟ್ಟ. ತಂಡ ಗೆಲ್ಲತೊಡಗಿತು.

ಕಾಲೇಜು ಓದುತ್ತಲೇ ಹೈಸ್ಕೂಲ್ ತಂಡಗಳಿಗೆ ಕಲಿಸಿದರು. 1949ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಮೊಂಟಾನ ರಾಜ್ಯದ ಹೆಲೆನಾ ಊರಿನ ಕ್ಯಾರಲ್ ಕಾಲೇಜಿನಲ್ಲಿ ಹೆಡ್ ಕೋಚ್ ಆದರು. ಅಲ್ಲಿ ನಾಲ್ಕು ವರ್ಷ. 1953ರಲ್ಲಿ ಮಿನೆಸೋಟದ ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್‌ಗೆ ಬಂದರು. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ನಡೆಸುವ ಗಂಡುಮಕ್ಕಳ ಕಾಲೇಜು. ಇವರಿಗಿಂತ ಮೊದಲು ಅಲ್ಲಿ ಕೋಚ್ ಆಗಿದ್ದವರು ಜಾನಿ ಬ್ಲಡ್ ಮೆಕ್‌ನ್ಯಾಲಿ. ವೃತ್ತಿಪರ ಫುಟ್ಬಾಲಿನ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ಗೆ ಹೋಗಲಿದ್ದ ದೊಡ್ಡ ಆಟಗಾರ. ಇಲ್ಲಿ ಯಾರೂ ಗೆಲ್ಲೋಕಾಗಲ್ಲ ಅಂತ ಅವರು ಹೊಸಬನಿಗೆ ಹೇಳಿದ್ದರು ಅನ್ನುವ ಮಾತು ಈ ಕಡೆ ಎಲ್ಲರ ಬಾಯಲ್ಲೂ ಇದೆ. ಹಾಗಂತ ಹೇಳಿಸಿಕೊಂಡು ಬಂದವರು 2012ರವರೆಗೆ ಅಲ್ಲೇ ಇದ್ದರು.

ಬೇಡಗಳು

2012ರ ಅಕ್ಟೋಬರಿನಲ್ಲಿ ನನ್ನ ಆಫೀಸಿನ ಗೆಳೆಯನೊಬ್ಬ ಕಾಲೇಜ್‌ವಿಲ್‌ಗೆ ಮ್ಯಾಚ್ ನೋಡೋಕೆ ಕರೆದುಕೊಂಡು ಹೋದ. ಅವನು ಅಲ್ಲೇ ಓದಿದವನು, ಎರಡು ವರ್ಷ ತಂಡದಲ್ಲೂ ಇದ್ದವನು. ನನಗೆ ಆಗ ಅಮೆರಿಕನ್ ಫುಟ್ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು ಅಂತಷ್ಟೇ ಗೊತ್ತಿತ್ತು. ಹೈವೇ 94 ಬಿಟ್ಟು ಒಳಗೆ ತಿರುಗಿದರೆ ಕಾಡು, ಕೆರೆ, ಆಮೇಲೆ ಮಠ. ಮಠದ ಚರ್ಚಿನ ಮುಂದೆ ಕಾಂಕ್ರೀಟಿನ ಒಂದು ದೊಡ್ಡ ಹಲಗೆ ಆಕಾಶಕ್ಕೆ ಎದ್ದು ನಿಂತಿದೆ, ಅದರ ಹೊಟ್ಟೆಯೊಳಗೆ ಗಂಟೆಗಳು. ಸ್ಟೇಡಿಯಂ ಅಂದರೆ ನಿಜವಾಗಿ ಒಂದು ತಗ್ಗು. ಬೋಗುಣಿಯ ತಳದಲ್ಲಿ ಮೈದಾನ, ಸುತ್ತ ಇಳಿಜಾರು, ಅದರ ಮೇಲೆ ಮರಗಳು. ಎಲೆ ಕೆಂಪಾಗುವ ಕಾಲ. ಜನರೂ ಕೆಂಪು ಬಟ್ಟೆ ಹಾಕಿಕೊಂಡಿದ್ದರಿಂದ ಎಲ್ಲಿ ಜನ ಮುಗಿದು ಎಲ್ಲಿ ಮರ ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಗೆರೆಯಾಚೆ ನಿಂತ ಹುಡುಗರ ಸಂಖ್ಯೆ. ಆಡುವವರು ಹನ್ನೊಂದು ಮಂದಿ. ನಿಂತವರು ನೂರಕ್ಕೂ ಜಾಸ್ತಿ. ಇಷ್ಟೊಂದು ಜನ ಯಾಕೆ ಅಂತ ಕೇಳಿದೆ. "ಜಾನ್ ಯಾರನ್ನೂ ತಂಡದಿಂದ ತೆಗೆಯಲ್ಲ. ಬಂದವರೆಲ್ಲ ತಂಡದವರೇ" ಅಂದ ಗೆಳೆಯ. ಅವನು ಜಾನ್ ಅಂದದ್ದು ನನಗೆ ಒಂಥರಾ ಆಯಿತು. ಎಂಬತ್ತೈದು ದಾಟಿದ ಗುರು. ನಮ್ಮ ಕಡೆ ಮೇಷ್ಟ್ರ ಹೆಸರು ಹಿಡಿದು ಕರೆದರೆ ಮನೆಯಲ್ಲಿ ಅಪ್ಪ ಬೆನ್ನು ಮುರಿಯುತ್ತಿದ್ದರು. ಆದರೆ ಅಲ್ಲಿ ಅದೇ ನಿಯಮ. ಅವರನ್ನು ಕೋಚ್ ಅಂತ ಕರೆಯುವ ಹಾಗಿಲ್ಲ, ಹೆಸರಿನಿಂದಲೇ ಕರೆಯಬೇಕು. ಗೆಳೆಯ ಜಾನ್ ಅಂದಾಗ ದನಿ ಎಷ್ಟು ಮೆತ್ತಗಾಯಿತು ಅಂದರೆ, ನಾವು ಸರ್ ಅನ್ನುವಾಗ ಕೂಡ ಅಷ್ಟು ಗೌರವ ಇರುತ್ತಾ ಅಂತ ಆಮೇಲೆ ಅನಿಸಿತು.

ಇಡೀ ಮ್ಯಾಚು ಅವನು ಒಂದೊಂದೇ ಬೇಡಗಳನ್ನು ಹೇಳುತ್ತಾ ಹೋದ. ಪ್ರಾಕ್ಟೀಸಿನಲ್ಲಿ ಟ್ಯಾಕಲ್ ಬೇಡ, ಯಾರನ್ನೂ ನೆಲಕ್ಕೆ ಕೆಡವುವ ಹಾಗಿಲ್ಲ. ಸೀಟಿ ಬೇಡ. ಭಾರದ ಸ್ಲೆಡ್ ತಳ್ಳಿಸುವುದು ಬೇಡ. ಶಿಕ್ಷೆಗೆ ಅಂತ ಓಡಿಸುವುದು ಬೇಡ. ಕಡ್ಡಾಯ ಜಿಮ್ ಬೇಡ. ಆಟದ ಪಟ್ಟುಗಳನ್ನು ಬರೆದಿಟ್ಟ ದಪ್ಪದ ಪ್ಲೇಬುಕ್ ಬೇಡ. ಒಂದೂವರೆ ಗಂಟೆ ದಾಟಿದ ಪ್ರಾಕ್ಟೀಸ್ ಬೇಡ. ಸೊಳ್ಳೆ ಜಾಸ್ತಿ ಇದ್ದರೆ ಅವತ್ತು ಪ್ರಾಕ್ಟೀಸೇ ಬೇಡ. ಹೊಸ ಹುಡುಗರನ್ನು ಗೋಳು ಹೊಯ್ದುಕೊಳ್ಳುವುದಂತೂ ಬೇಡವೇ ಬೇಡ. ಬೇಕು ಅನ್ನುವುದು ಒಂದೇ. ನಿನ್ನನ್ನು ಬೇರೆಯವರು ಹೇಗೆ ನೋಡಿಕೊಳ್ಳಬೇಕು ಅಂತ ಅಂದುಕೊಳ್ಳುತ್ತೀಯೋ ಹಾಗೆ ನೀನೂ ನೋಡಿಕೋ.

ಒಂದು ಅಭ್ಯಾಸದ ಬಗ್ಗೆ ಹೇಳುವಾಗ ಗೆಳೆಯ ಆಟ ನೋಡುವುದನ್ನೇ ಬಿಟ್ಟು ನನ್ನ ಕಡೆ ತಿರುಗಿದ. ಹವಾ ಚೆನ್ನಾಗಿದ್ದ ದಿನ ಎಲ್ಲರೂ ಹುಲ್ಲಿನ ಮೇಲೆ ಅಂಗಾತ ಮಲಗಬೇಕಿತ್ತು. ನೂರೈವತ್ತು ಗಟ್ಟಿಮುಟ್ಟಾದ ಹುಡುಗರು ಆಕಾಶ ನೋಡುತ್ತಾ, ಪಕ್ಕದವನ ಕಡೆ ತಿರುಗಿ, ಇವತ್ತು ಎಷ್ಟು ಚೆನ್ನಾಗಿದೆ ಅಲ್ವಾ ಅಂತ ಹೇಳಬೇಕಿತ್ತು. ಅಷ್ಟೇ ಡ್ರಿಲ್ಲು. "ನಾನು ಎರಡು ವರ್ಷದಲ್ಲಿ ಮೈದಾನಕ್ಕೆ ಇಳಿದದ್ದು ಲೆಕ್ಕ ಹಾಕಿ ಏಳು ನಿಮಿಷ. ಆದರೆ ಆ ಆಕಾಶ ನೆನಪಿದೆ" ಅಂದ.

ಗಲಾರ್ಡಿಯವರನ್ನು ನಾನು ದೂರದಿಂದ ನೋಡಿದೆ. ಜಾಕೆಟ್ಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ ಮುದುಕರು. ಸುತ್ತ ಅಷ್ಟೆತ್ತರದ ಹುಡುಗರು ಇದ್ದದ್ದರಿಂದ ಆಗಾಗ ಮರೆಯಾಗುತ್ತಿದ್ದರು. ಅದು ಅವರ ಕೊನೇ ಸೀಸನ್ ಅಂತ ಅವತ್ತು ನಮಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ನಿವೃತ್ತಿ ಹೇಳಿದರು.

ಕೆಡವದೆ ಕಲಿಯುವುದು ಹೇಗೆ?

ಈ ಪ್ರಶ್ನೆ ನನಗೂ ಬಂತು. ಕುಸ್ತಿ ಹಿಡಿಯದೆ ಕುಸ್ತಿ ಕಲಿಯೋಕಾಗುತ್ತಾ? ಗೆಳೆಯ ಹೇಳಿದ ಉತ್ತರ ಸರಳವಾಗಿತ್ತು. ಕೆಡವುವ ಶಕ್ತಿ ಆ ವಯಸ್ಸಿನ ಹುಡುಗರಿಗೆ ಇದ್ದೇ ಇರುತ್ತದೆ. ಕಲಿಯಬೇಕಾದ್ದು ಎಲ್ಲಿ ನಿಲ್ಲಬೇಕು, ಎದುರಿನವನು ಏನು ಮಾಡುತ್ತಾನೆ, ಚೆಂಡು ಯಾವ ಕಡೆ ಹೋಗುತ್ತದೆ ಅನ್ನುವುದನ್ನು. ಅದಕ್ಕೆ ಒಂದೇ ಪಟ್ಟನ್ನು ಹತ್ತಾರು ಸಲ ಆಡಿ ನೋಡಬೇಕು. ಪ್ರತಿ ಸಲ ಬಿದ್ದು ಎದ್ದು ಆಡಿದರೆ ಹತ್ತು ಸಲಕ್ಕೆ ಸುಸ್ತು. ಬೀಳದೆ ಆಡಿದರೆ ಅದೇ ಹೊತ್ತಿನಲ್ಲಿ ಅದರ ಎಷ್ಟೋ ಪಟ್ಟು ಆಡಬಹುದು. ಶನಿವಾರ ಬರುವ ಹೊತ್ತಿಗೆ ಮೈ ಹೊಸದಾಗಿರುತ್ತದೆ. ಜೊತೆಗೆ ಗಲಾರ್ಡಿ ತಂಡದ ಆಟ ನಡೆಸುವ ತಮ್ಮ ಕ್ವಾರ್ಟರ್‌ಬ್ಯಾಕ್‌ಗಳಿಗೆ ಮುಂದಿನ ಪಟ್ಟು ಯಾವುದು ಅಂತ ಮೈದಾನದಲ್ಲೇ ನಿರ್ಧರಿಸೋಕೆ ಬಿಡುತ್ತಿದ್ದರು. ಈಗಿನ ಬಹುತೇಕ ಕೋಚ್‌ಗಳು ಆ ಅಧಿಕಾರವನ್ನು ಕೈಬಿಡುವುದೇ ಇಲ್ಲ.

ಲೆಕ್ಕ ನೋಡಿದರೆ, 64 ಸೀಸನ್ನು, 489 ಗೆಲುವು, 138 ಸೋಲು, 11 ಸಮ. ಕಾಲೇಜು ಫುಟ್ಬಾಲಿನಲ್ಲಿ ಇಷ್ಟು ಗೆದ್ದ ಇನ್ನೊಬ್ಬ ಕೋಚ್ ಇಲ್ಲ. ನಾಲ್ಕು ರಾಷ್ಟ್ರೀಯ ಚಾಂಪಿಯನ್‌ಷಿಪ್: 1963, 1965, 1976, 2003. ದೊಡ್ಡ ವಿಶ್ವವಿದ್ಯಾಲಯಗಳ ಟೀವಿ ಫುಟ್ಬಾಲ್ ಇದಲ್ಲ. ಸೇಂಟ್ ಜಾನ್ಸ್ ಆಡುವುದು ಮೂರನೇ ಡಿವಿಷನ್ನಿನಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಷಿಪ್ ಕೊಡುವಂತಿಲ್ಲ. ಬರುವ ಹುಡುಗರೆಲ್ಲ ಓದೋಕೆ ಬಂದವರು.

2003ರ ನವೆಂಬರ್ 8ರ ಮ್ಯಾಚಿನ ಬಗ್ಗೆ ಇಲ್ಲಿನವರು ಈಗಲೂ ಮಾತಾಡುತ್ತಾರೆ. ಅಲ್ಲಿಯವರೆಗಿನ 408 ಗೆಲುವಿನ ದಾಖಲೆ ಲೂಸಿಯಾನದ ಗ್ರಾಂಬ್ಲಿಂಗ್ ಕಾಲೇಜಿನ ಕೋಚ್ ಎಡ್ಡಿ ರಾಬಿನ್ಸನ್ ಅವರದು. ಕರಿಯ ಹುಡುಗರನ್ನು ದಕ್ಷಿಣದ ದೊಡ್ಡ ಕಾಲೇಜುಗಳು ಒಳಗೇ ಬಿಡದಿದ್ದ ಕಾಲದಲ್ಲಿ, 1941ರಿಂದ, ಅವರು ಆ ಹುಡುಗರನ್ನು ಬೆಳೆಸಿದವರು. ಅವರದ್ದೇ ಒಂದು ದೊಡ್ಡ ಕತೆ, ಇನ್ನೊಮ್ಮೆ ಬರೆಯಬೇಕು. ಅವತ್ತು ಬೆಥೆಲ್ ಕಾಲೇಜಿನ ಮೇಲೆ ಸೇಂಟ್ ಜಾನ್ಸ್ 29-26ರಲ್ಲಿ ಗೆದ್ದಿತು. 409. ಆ ಡಿಸೆಂಬರಿನಲ್ಲೇ ಚಾಂಪಿಯನ್‌ಷಿಪ್ ಫೈನಲ್ಲು. ಎದುರಿಗಿದ್ದದ್ದು ಸತತ 55 ಪಂದ್ಯ ಗೆದ್ದು ಬಂದಿದ್ದ ಒಹಾಯೊದ ಮೌಂಟ್ ಯೂನಿಯನ್. ಅವರನ್ನು 24-6ರಲ್ಲಿ ಸೋಲಿಸಿದರು. ಗಲಾರ್ಡಿಗೆ ಆಗ 77 ವರ್ಷ.

ಸೋತಿದ್ದರೆ?

ಇಷ್ಟು ಬರೆದ ಮೇಲೆ ನನ್ನನ್ನು ಕೊರೆಯುವ ಮಾತಿಗೆ ಬರುತ್ತೇನೆ. ಗಲಾರ್ಡಿಯವರ ಬಗ್ಗೆ ಯಾರು ಬರೆದರೂ ಕೊನೆಗೆ 489ಕ್ಕೆ ಬಂದು ನಿಲ್ಲುತ್ತಾರೆ. ನೋಡಿ, ಪ್ರೀತಿಯಿಂದ ನೋಡಿಕೊಂಡರೂ ಗೆಲ್ಲಬಹುದು ಅಂತ. ನಾನೂ ಮೇಲೆ ಅದನ್ನೇ ಮಾಡಿದೆ. ಹಾಗಾದರೆ ಅವರು ಸೋತಿದ್ದರೆ ನೀರು ಕುಡಿಸಿದ್ದು ತಪ್ಪಾಗುತ್ತಿತ್ತಾ?

ಯಾಕೆ ಕೇಳುತ್ತೇನೆ ಅಂದರೆ, ಗೆಲುವು ನೀರು ಕೊಡದವರ ಕಡೆಗೂ ಸಾಕ್ಷಿ ಹೇಳುತ್ತದೆ. 1954ರಲ್ಲಿ, ಗಲಾರ್ಡಿ ಕಾಲೇಜ್‌ವಿಲ್‌ಗೆ ಬಂದ ಎರಡನೇ ವರ್ಷ, ಟೆಕ್ಸಸ್‌ನಲ್ಲಿ ಬೇರ್ ಬ್ರಯಂಟ್ ಅನ್ನುವ ಕೋಚ್ ತನ್ನ ಹೊಸ ತಂಡವನ್ನು ಜಂಕ್ಷನ್ ಅನ್ನುವ ಸಣ್ಣ ಊರಿಗೆ ಕರೆದುಕೊಂಡು ಹೋದರು. ಬರಗಾಲ. 38 ಡಿಗ್ರಿ ದಾಟಿದ ಬಿಸಿಲು. ಹತ್ತು ದಿನದ ಕ್ಯಾಂಪು, ಮೈದಾನದಲ್ಲಿ ನೀರಿಲ್ಲ. ಹುಡುಗರು ರಾತ್ರೋರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಓಡಿಹೋದರು. ಕೊನೆಗೆ ಉಳಿದವರು ಸುಮಾರು 35 ಜನ. ಆ ವರ್ಷ ತಂಡ ಆಡಿದ 10ರಲ್ಲಿ ಗೆದ್ದದ್ದು ಒಂದೇ. ಆದರೆ 1956ರ ಹೊತ್ತಿಗೆ ಅದೇ ತಂಡ ಒಂದೂ ಸೋಲದೆ ತನ್ನ ಲೀಗಿನ ಚಾಂಪಿಯನ್ ಆಯಿತು. ಬ್ರಯಂಟ್ ಆಮೇಲೆ ಅಲಬಾಮಕ್ಕೆ ಹೋಗಿ ಆರು ರಾಷ್ಟ್ರೀಯ ಚಾಂಪಿಯನ್‌ಷಿಪ್ ಗೆದ್ದರು. ಜಂಕ್ಷನ್ನಿನಲ್ಲಿ ಉಳಿದವರಲ್ಲಿ ಎಷ್ಟೋ ಜನ ಅದನ್ನು ಜೀವಮಾನದ ಹೆಮ್ಮೆ ಅಂತ ಹೇಳಿಕೊಂಡರು. ಓಡಿಹೋದವರನ್ನು ಜಾಸ್ತಿ ಯಾರೂ ಕೇಳಲಿಲ್ಲ.

ಹಾಗಾಗಿ ಗೆಲುವನ್ನು ಪಕ್ಕಕ್ಕಿಟ್ಟು ನೋಡೋಣ ಅನಿಸುತ್ತದೆ. 2001ರ ಆಗಸ್ಟ್ 1ರಂದು, ಇದೇ ಮಿನೆಸೋಟದಲ್ಲಿ, ವೃತ್ತಿಪರ ಫುಟ್ಬಾಲಿನ ವೈಕಿಂಗ್ಸ್ ತಂಡದ ಆಟಗಾರ ಕೋರಿ ಸ್ಟ್ರಿಂಗರ್ ಬಿಸಿಲಿನ ಹೊಡೆತಕ್ಕೆ ಸತ್ತರು. ಮ್ಯಾಂಕೇಟೊ ಊರಿನಲ್ಲಿ ತರಬೇತಿ ಕ್ಯಾಂಪ್ ನಡೆಯುತ್ತಿತ್ತು. ಅವರಿಗೆ 27 ವರ್ಷ. 2018ರ ಜೂನ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಟಗಾರ ಜೋರ್ಡಾನ್ ಮೆಕ್‌ನೇರ್ ಕೂಡ ಹಾಗೇ ಹೋದ. ಪ್ರಾಕ್ಟೀಸಿನಲ್ಲಿ ಓಡಿ ಓಡಿ ಕುಸಿದು, ಎರಡು ವಾರ ಆಸ್ಪತ್ರೆಯಲ್ಲಿದ್ದು. 19 ವರ್ಷ. ಈ ಸಾವುಗಳು ನಡೆದದ್ದು ಮ್ಯಾಚಿನಲ್ಲಲ್ಲ, ಅಭ್ಯಾಸದಲ್ಲಿ. ಯಾವ ಸ್ಕೋರ್‌ಬೋರ್ಡಿನಲ್ಲೂ ಇಲ್ಲದ ಒಂದು ಮಧ್ಯಾಹ್ನ. ಮೆಕ್‌ನೇರ್ ಸತ್ತ ವರ್ಷವೇ, ಅಕ್ಟೋಬರ್ 7ರಂದು, ಗಲಾರ್ಡಿಯವರೂ ತೀರಿಕೊಂಡರು. 91 ವರ್ಷ ವಯಸ್ಸಾಗಿತ್ತು.

ಮಿದುಳಿಗೆ ಬೀಳುವ ಪೆಟ್ಟಿನ ಬಗ್ಗೆ ಎಲ್ಲರಿಗೂ ಗೊತ್ತಾದ ಮೇಲೆ ದೊಡ್ಡವರೂ ಅತ್ತ ಬಂದರು. ಡಾರ್ಟ್ಮತ್ ಕಾಲೇಜಿನ ಕೋಚ್ ಬಡ್ಡಿ ಟೀವೆನ್ಸ್ 2010ರಲ್ಲಿ ಪ್ರಾಕ್ಟೀಸಿನ ಟ್ಯಾಕಲ್ ನಿಲ್ಲಿಸಿದರು. 2016ರಲ್ಲಿ ಡಾರ್ಟ್ಮತ್ ಕೂಡ ಇರುವ ಎಂಟು ಹಳೇ ಕಾಲೇಜುಗಳ ಐವಿ ಲೀಗಿನ ಕೋಚ್‌ಗಳೆಲ್ಲ ಸೇರಿ ಸೀಸನ್ ನಡೆಯುವಾಗ ಅಭ್ಯಾಸದಲ್ಲಿ ಕೆಡವುವುದು ಬೇಡ ಅಂತ ತೀರ್ಮಾನ ಮಾಡಿದರು. ಅವರ ಹತ್ತಿರ ವೈದ್ಯರಿದ್ದರು, ಸ್ಕ್ಯಾನ್ ಇತ್ತು, ಸಂಶೋಧನೆ ಇತ್ತು. 1943ರಲ್ಲಿ ಟ್ರಿನಿಡಾಡ್‌ನ ಹುಡುಗನ ಹತ್ತಿರ ಇವೇನೂ ಇರಲಿಲ್ಲ. ಬಾಯಾರಿಕೆ ಅಂದರೆ ಏನು ಅಂತ ಗೊತ್ತಿತ್ತು.

ಅತ್ತೆಯಾದ ಸೊಸೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತೇವೆ. ಅನುಭವಿಸಿದ ಸೊಸೆಗೆ ತನ್ನ ಕಾಲ ಬಂದಾಗ ಅವಳೂ ಅತ್ತೆಯೇ ಆಗುತ್ತಾಳೆ. ನಾನು ಪಟ್ಟಿದ್ದೇನೆ, ನೀನೂ ಪಡು. ನಮ್ಮ ಮೇಷ್ಟ್ರು, ಅವರ ಮೇಷ್ಟ್ರು, ಬ್ರಯಂಟ್, ಹೋದ ಜುಲೈನಲ್ಲಿ ನಾನು, ಎಲ್ಲರೂ ಅದೇ ಸಾಲು. ಬೇಕಂತ ಮಾಡಿದ್ದಲ್ಲ. ಅತ್ತೆಯ ಮಾತು ಬಾಯಲ್ಲಿ ತಾನಾಗಿ ಬರುತ್ತದೆ. ಪಟ್ಟ ಕಷ್ಟ ದಂಡವಾಯಿತು ಅಂತ ಒಪ್ಪಿಕೊಳ್ಳೋಕೆ ಮನಸ್ಸು ಬರುವುದಿಲ್ಲ. ಆ ಒದ್ದೆ ಕರ್ಚೀಫೇ ನನ್ನನ್ನು ಗಟ್ಟಿ ಮಾಡಿತು ಅಂತ ನಾನೂ ಎಷ್ಟೋ ಸಲ ಗೆಳೆಯರ ಹತ್ತಿರ ಹೇಳಿಕೊಂಡಿದ್ದೇನೆ. ಅದು ನನ್ನನ್ನು ಗಟ್ಟಿ ಮಾಡಲಿಲ್ಲ. ನನಗೆ ಬರೀ ಬಾಯಾರಿಕೆ ಆಗಿತ್ತು.

ಗಲಾರ್ಡಿ ಇನ್ನೂ ಸೊಸೆಯಾಗಿದ್ದಾಗಲೇ ಅತ್ತೆಯ ಪಟ್ಟ ಸಿಕ್ಕಿತು. ಅವರ ವೃತ್ತಿಯ ಗುಟ್ಟು ಇರುವುದು ಅಲ್ಲೇ ಅಂತ ನನಗೆ ಅನಿಸುತ್ತದೆ. ಬೆಳಿಗ್ಗೆ ಆಟಗಾರ, ಸಂಜೆ ಕೋಚ್. ಮರೆಯೋಕೆ ಪುರುಸೊತ್ತೇ ಸಿಗಲಿಲ್ಲ. ತನ್ನದೇ ವಯಸ್ಸಿನ ಗೆಳೆಯರನ್ನು ಕುಕ್ಕರುಗಾಲಲ್ಲಿ ನಡೆಸೋಕೆ ಯಾವ ಹುಡುಗನಿಗೆ ಮನಸ್ಸು ಬರುತ್ತದೆ? ಅಷ್ಟು ಸಾಮಾನ್ಯ ಕಾರಣ. ಆದರೆ ಎಪ್ಪತ್ತು ವರ್ಷ ಅದನ್ನು ಮರೆಯದೆ ಇದ್ದರಲ್ಲ, ಅದು ಸಾಮಾನ್ಯ ಅಲ್ಲ. ಕೂದಲು ಬೆಳ್ಳಗಾಯಿತು, ದಾಖಲೆ ಬಂತು, 2006ರಲ್ಲಿ ಕಾಲೇಜು ಫುಟ್ಬಾಲಿನ ಹಾಲ್ ಆಫ್ ಫೇಮ್ ಬಂತು, ಮೂರನೇ ಡಿವಿಷನ್ನಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವರದ್ದೇ ಹೆಸರು ಬಂತು. ಆದರೂ ಹುಡುಗರಿಗೆ ಅವರು ಜಾನ್.

ಕೊನೇ ಸೀಸನ್ನಿನಲ್ಲಿ ಐದು ಗೆಲುವು, ಐದು ಸೋಲು. ಬೇರೆ ಕಾಲೇಜುಗಳು ಮುಂದೆ ಹೋಗಿದ್ದವು. ಆಗ ಯಾರಾದರೂ ಸೀಟಿ ಕೊಟ್ಟು ಇನ್ನಾದರೂ ಊದಿ ಅಂದಿದ್ದರೆ ಅವರು ಊದುತ್ತಿರಲಿಲ್ಲ ಅಂತ ನಂಬುತ್ತೇನೆ. ನನ್ನ ಪ್ರಶ್ನೆಗೆ ಆ ಕೊನೇ ವರ್ಷವೇ ಉತ್ತರ ಅಂದುಕೊಂಡಿದ್ದೇನೆ. ಅವತ್ತು ಬೋಗುಣಿಯಂಥ ಆ ಮೈದಾನದಲ್ಲಿ ನಿಂತಿದ್ದ ನೂರಕ್ಕೂ ಜಾಸ್ತಿ ಹುಡುಗರಲ್ಲಿ ಒಬ್ಬನನ್ನೂ ಅವರು ತಂಡದಿಂದ ತೆಗೆದಿರಲಿಲ್ಲ.

ಮುಂದಿನ ಶನಿವಾರ ಪಾರ್ಕಿಗೆ ಹೋಗುವಾಗ ಸೀಟಿಯನ್ನು ಕಾರಿನಲ್ಲೇ ಬಿಟ್ಟೆ. ನೀರಿನ ದೊಡ್ಡ ಜಗ್ಗನ್ನು ಮರದ ಕೆಳಗಿನಿಂದ ತಂದು ಕೋನಿನ ಪಕ್ಕದಲ್ಲೇ ಇಟ್ಟೆ. ಆ ಹುಡುಗಿಯ ಹತ್ತಿರ ಹೋಗಿ, "ಹೋದ ವಾರ ನಾನು ಹೇಳಿದ್ದು ತಪ್ಪು ಕಣಮ್ಮಾ. ಬಾಯಾರಿಕೆ ಆದಾಗ ಕುಡಿ, ಕೇಳಬೇಡ" ಅಂದೆ. ಅವಳಿಗೆ ಹೋದ ವಾರದ್ದು ನೆನಪಿತ್ತೋ ಇಲ್ಲವೋ. ಆಟದ ಮಧ್ಯೆ ಎದ್ದು ಬಂದಳು. ಒಂದು ಲೋಟ, ಇನ್ನೊಂದು ಲೋಟ, ಗಲ್ಲದ ಮೇಲೆ ಚೆಲ್ಲಿಕೊಂಡು ಕುಡಿದಳು. ಖೋ ಸಿಕ್ಕಿದ ಕೂಡಲೇ ಎದ್ದು ಓಡಿದಳು. ಕೋನ್ ಸುತ್ತಿ ನನ್ನ ಪಕ್ಕದಲ್ಲೇ ಹಾದು ಹೋಗುವಾಗ, ಓಡುತ್ತಲೇ, ನಗುತ್ತಲೇ ಕೂಗಿದಳು: "ಅಂಕಲ್, ಹೊಟ್ಟೆ ನಿಜವಾಗ್ಲೂ ಕುಲುಕ್ತಿದೆ!"